ಆಟವೋ, ಕಥೆಯೋ? – ವಿಡಿಯೋ ಗೇಮ್ ಉದ್ಯಮದ ಒಂದು ಲೆಕ್ಕಾಚಾರ

ಸೀಮಿತ ಬಂಡವಾಳವನ್ನು ಸರಕಿನ ಯಾವ ಗುಣಕ್ಕೆ ಎಷ್ಟು ವಿನಿಯೋಗಿಸಬೇಕೆಂಬ ಪ್ರಶ್ನೆ ಪ್ರತಿಯೊಬ್ಬ ತಯಾರಕನಿಗೂ ಎದುರಾಗುತ್ತದೆ. ವಿಡಿಯೋ ಗೇಮ್ ಉದ್ಯಮದಲ್ಲಿ ಈ ಪ್ರಶ್ನೆ ಆಟ ಮತ್ತು ಕಥೆಗಳ ನಡುವಿನ ಆಯ್ಕೆಯ ರೂಪದಲ್ಲಿ ಕಾಣಿಸಿಕೊಂಡಿದೆ. ‘ಫಸ್ಟ್ ಪರ್ಸನ್ ಶೂಟರ್’ ಎಂಬ ಪ್ರಕಾರದ ಇತಿಹಾಸ ಇದಕ್ಕೆ ಉತ್ತಮ ನಿದರ್ಶನ.

ಈ ಪ್ರಕಾರದಲ್ಲಿ ಆಟಗಾರನು ಕಥಾನಾಯಕನ ಕಣ್ಣಿನಿಂದಲೇ ಜಗತ್ತನ್ನು ಕಾಣುತ್ತಾನೆ. ಪರದೆಯ ಮೇಲೆ ಕಾಣುವುದು ಅವನ ಕೈಯಲ್ಲಿರುವ ಆಯುಧ ಮತ್ತು ಎದುರಿನ ದೃಶ್ಯ ಮಾತ್ರ. ಓಡುವುದು, ಗುರಿಯಿಡುವುದು, ಅಡಗುವುದು ಇವೆಲ್ಲ ಸೇರಿ ‘ಗೇಮ್‌ಪ್ಲೇ’, ಅಂದರೆ ಆಟದ ಕ್ರಿಯೆ ಎನಿಸುತ್ತದೆ. ಕಥೆಯನ್ನು ಹೇಳಬೇಕಾದರೆ ಆಟಗಾರನನ್ನು ನಿಲ್ಲಿಸಿ ದೃಶ್ಯವೊಂದನ್ನು ತೋರಿಸಬೇಕಾಗುತ್ತದೆ. ಆ ಹೊತ್ತಿನಲ್ಲಿ ಆಟದ ಹಿಡಿತ ಅವನ ಕೈತಪ್ಪುತ್ತದೆ. ಕ್ರಿಯೆ ಮತ್ತು ಕಥೆಗಳ ನಡುವಿನ ಘರ್ಷಣೆಯ ಮೂಲ ಇದೇ.

ಕಥೆಯನ್ನು ಕೈಬಿಟ್ಟ ಮಾರ್ಗ

ಅಮೆರಿಕದ ಐಡಿ ಸಾಫ್ಟ್‌ವೇರ್ ಎಂಬ ಚಿಕ್ಕ ಸಂಸ್ಥೆ 1993ರ ಡಿಸೆಂಬರ್‌ನಲ್ಲಿ ‘ಡೂಮ್’ ಆಟವನ್ನು ಹೊರತಂದಿತು. ಸಂಸ್ಥೆಯ ವಿನ್ಯಾಸಕಾರ ಟಾಮ್ ಹಾಲ್ ಇದಕ್ಕಾಗಿ ಪಾತ್ರಗಳು ಮತ್ತು ಘಟನೆಗಳಿಂದ ಕೂಡಿದ ವಿಸ್ತಾರವಾದ ಕಥಾದಾಖಲೆಯೊಂದನ್ನು ಸಿದ್ಧಪಡಿಸಿದ್ದರು. ಆದರೆ ವೇಗವೇ ಆಟದ ಜೀವಾಳವೆಂದು ನಂಬಿದ್ದ ಪ್ರಧಾನ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಕಥೆಗೆ ಹೆಚ್ಚಿನ ಬೆಲೆ ಕೊಡಲಿಲ್ಲ. ದಾಖಲೆಯ ಬಹುಭಾಗ ಮೂಲೆ ಸೇರಿತು; ಹಾಲ್ 1993ರಲ್ಲಿಯೇ ಸಂಸ್ಥೆಯಿಂದ ಹೊರನಡೆದರು. ಆಟದಲ್ಲಿ ಉಳಿದ ಕಥೆ ಕೈಪಿಡಿಯ ಕೆಲವು ಸಾಲುಗಳು ಮತ್ತು ಭಾಗಗಳ ಕೊನೆಯಲ್ಲಿ ಬರುವ ಬರಹಕ್ಕಷ್ಟೇ ಸೀಮಿತವಾಯಿತು. ಮೂರು ಭಾಗಗಳ ಪೈಕಿ ಮೊದಲನೆಯದನ್ನು ಉಚಿತವಾಗಿ ಹಂಚಿ, ಉಳಿದವನ್ನು ಮಾರಲಾಯಿತು. ಆಟದ ರುಚಿ ಹತ್ತಿದ ಗಿರಾಕಿ ತಾನಾಗಿಯೇ ಹಣ ತೆತ್ತನು. ಕ್ರಿಯೆಯೊಂದರ ಬಲದಿಂದಲೇ ಸರಕು ನಿಲ್ಲಬಲ್ಲದೆಂಬುದು ಇದರಿಂದ ಸಿದ್ಧವಾಯಿತು.

ಸಿದ್ಧವಾಗಿದ್ದ ಸರಕನ್ನೇ ತಿರಸ್ಕರಿಸಿದ ಸಂಸ್ಥೆ

ಮೈಕ್ರೋಸಾಫ್ಟ್‌ನ ಕೆಲಸ ಬಿಟ್ಟ ಗೇಬ್ ನ್ಯೂವೆಲ್ ಮತ್ತು ಮೈಕ್ ಹ್ಯಾರಿಂಗ್ಟನ್ 1996ರಲ್ಲಿ ವಾಲ್ವ್ ಸಂಸ್ಥೆಯನ್ನು ಆರಂಭಿಸಿದರು. ಐಡಿ ಸಂಸ್ಥೆಯ ‘ಕ್ವೇಕ್’ ತಂತ್ರಾಂಶವನ್ನು ಪರವಾನಗಿಯ ಮೇಲೆ ಪಡೆದು ‘ಹಾಫ್-ಲೈಫ್’ ಎಂಬ ಆಟದ ತಯಾರಿಕೆಗೆ ತೊಡಗಿದರು. 1997ರ ಅಂತ್ಯಕ್ಕೆ ಅದು ಮಾರುಕಟ್ಟೆಗೆ ಬರಬೇಕಿತ್ತು. ಗಡುವು ಸಮೀಪಿಸಿದಾಗ ಪರಿಶೀಲಿಸಿ ನೋಡಿದರೆ ಆಯುಧಗಳು, ಶತ್ರುಗಳು, ಕಥೆ ಎಲ್ಲವೂ ಇದ್ದವು. ಆದರೆ ಅವು ಒಂದಕ್ಕೊಂದು ಹೊಂದಿಕೊಂಡಿರಲಿಲ್ಲ, ಆಡುವುದರಲ್ಲಿ ಮೋಜಿರಲಿಲ್ಲ. ಇದ್ದುದನ್ನೇ ಮಾರಿ ಹಾಕಿದ ಬಂಡವಾಳವನ್ನಾದರೂ ಹಿಂಪಡೆಯುವುದು ಒಂದು ದಾರಿ. ಮತ್ತಷ್ಟು ವೆಚ್ಚ ಮಾಡಿ ಮೊದಲಿನಿಂದ ಕಟ್ಟುವುದು ಇನ್ನೊಂದು. ಸಂಸ್ಥೆ ಎರಡನೆಯದನ್ನು ಆರಿಸಿಕೊಂಡಿತು. ಸುಮಾರು ಒಂದು ವರ್ಷ ತಡವಾದರೂ ಹೆಚ್ಚಿನ ಕೆಲಸವನ್ನು ಹೊಸದಾಗಿ ಮಾಡಲಾಯಿತು.

ಎರಡನೆಯ ಬಾರಿ ಅನುಸರಿಸಿದ ಕ್ರಮ ಗಮನಾರ್ಹವಾದುದು. ಸಂಸ್ಥೆಯೊಳಗಿನ ಒಳ್ಳೆಯ ಅಂಶಗಳನ್ನೆಲ್ಲ ತುಂಬಿದ ಒಂದೇ ಒಂದು ಹಂತವನ್ನು ಚಿಕ್ಕ ತಂಡವೊಂದು ಮೊದಲು ಮಾದರಿಯಾಗಿ ನಿರ್ಮಿಸಿತು. ಅದು ಎಲ್ಲರಿಗೂ ಒಪ್ಪಿಗೆಯಾದ ಬಳಿಕ, ಮೂವರು ಎಂಜಿನಿಯರುಗಳು, ಒಬ್ಬ ಹಂತ ವಿನ್ಯಾಸಕಾರ, ಒಬ್ಬ ಲೇಖಕ ಮತ್ತು ಒಬ್ಬ ಅನಿಮೇಟರ್ ಇದ್ದ ಸಮಿತಿ ರಚನೆಯಾಯಿತು. ಕಥೆ ಬರೆಯುವವನೂ ಯಂತ್ರ ನಡೆಸುವವನೂ ಒಂದೇ ಮೇಜಿನ ಸುತ್ತ ಕುಳಿತದ್ದರಿಂದ, ಕಥೆ ಒಂದು ಕಡೆ ಆಟ ಇನ್ನೊಂದು ಕಡೆ ಎಂಬ ಸ್ಥಿತಿ ತಪ್ಪಿತು.

ಇದರೊಂದಿಗೆ ಹೊರಗಿನ ಆಟಗಾರರನ್ನು ಕರೆಸಿ ಸುಮಾರು ಎರಡು ಗಂಟೆ ಆಡಿಸಲಾಗುತ್ತಿತ್ತು. ವಿನ್ಯಾಸಕಾರರು ಹಿಂದೆ ಕುಳಿತು, ತುಟಿ ಬಿಚ್ಚದೆ, ಕಂಡ ದೋಷಗಳನ್ನು ಬರೆದುಕೊಳ್ಳಬೇಕಿತ್ತು. ಸುಳಿವು ಕೊಡುವಂತಿರಲಿಲ್ಲ, ಸಮರ್ಥಿಸಿಕೊಳ್ಳುವಂತಿರಲಿಲ್ಲ. ಇಂತಹ ಒಂದು ಅವಧಿಯಲ್ಲಿ ತಿದ್ದಬೇಕಾದ ನೂರರಷ್ಟು ಅಂಶಗಳು ಹೊರಬೀಳುತ್ತಿದ್ದವು.

ಕ್ರಿಯೆಯೊಳಗೆ ಬೆರೆತ ಕಥೆ

1998ರ ನವೆಂಬರ್‌ನಲ್ಲಿ ಬಿಡುಗಡೆಯಾದ ಹಾಫ್-ಲೈಫ್‌ಗೆ ವೈಜ್ಞಾನಿಕ ಕಾದಂಬರಿಕಾರ ಮಾರ್ಕ್ ಲೇಯ್ಡ್‌ಲಾ ಕಥೆಯನ್ನು ರೂಪಿಸಿದ್ದರು. ಆಟ ಪ್ರಾರಂಭವಾಗುವುದು ಗುಂಡಿನ ಸದ್ದಿನಿಂದಲ್ಲ. ನಾಯಕ ಗಾರ್ಡನ್ ಫ್ರೀಮನ್ ಪುಟ್ಟ ರೈಲಿನಲ್ಲಿ ಕೆಲಸಕ್ಕೆ ಹೊರಡುವ ದೃಶ್ಯದಿಂದ. ಆಗಲೂ ಆಟಗಾರ ಬೋಗಿಯೊಳಗೆ ಓಡಾಡಬಹುದು, ಕಿಟಕಿಯಿಂದ ಇಣುಕಬಹುದು. ನಾಯಕ ಒಂದು ಮಾತನ್ನೂ ಆಡುವುದಿಲ್ಲ. ಆಟವನ್ನು ತಡೆದು ತೋರಿಸುವ ಚಿತ್ರದೃಶ್ಯಗಳಿಲ್ಲ. ಘಟನೆಗಳು ಅವನ ಕಣ್ಣೆದುರಿಗೇ ಜರುಗುತ್ತವೆ. ಕಥೆಯನ್ನು ಕ್ರಿಯೆಯ ಮೇಲೆ ಹೇರದೆ ಅದರೊಳಗೆ ಬೆರೆಸಿದ್ದೇ ಇದರ ವಿಶೇಷ. 50ಕ್ಕೂ ಹೆಚ್ಚು ಪ್ರಕಟಣೆಗಳು ಇದನ್ನು ವರ್ಷದ ಆಟವೆಂದು ಆರಿಸಿದವು.

ವೆಚ್ಚದ ದೃಷ್ಟಿಯಿಂದ

ಕಥೆಗೆ ಲೇಖಕರು, ಧ್ವನಿ ಕಲಾವಿದರು, ಅನಿಮೇಟರುಗಳು ಬೇಕು. ಇಷ್ಟು ವೆಚ್ಚದ ದೃಶ್ಯವನ್ನು ಗಿರಾಕಿ ಸಾಮಾನ್ಯವಾಗಿ ಒಂದು ಬಾರಿ ನೋಡುತ್ತಾನೆ. ಉತ್ತಮ ಕ್ರಿಯೆಯಾದರೋ ಸಾವಿರ ಬಾರಿ ಆಡಿದರೂ ಸವೆಯುವುದಿಲ್ಲ. ಹಾಫ್-ಲೈಫ್‌ನ ತಂತ್ರಾಂಶದ ಮೇಲೆಯೇ ಮಿನ್ ಲೆ ಮತ್ತು ಜೆಸ್ ಕ್ಲಿಫ್ 1999ರಲ್ಲಿ ಹವ್ಯಾಸಕ್ಕಾಗಿ ರೂಪಿಸಿದ ‘ಕೌಂಟರ್-ಸ್ಟ್ರೈಕ್’ ಇದಕ್ಕೆ ಸಾಕ್ಷಿ. ಅದರಲ್ಲಿ ಎರಡು ತಂಡಗಳ ನಡುವಣ ಸ್ಪರ್ಧೆಯಿದೆಯೇ ಹೊರತು ಕಥೆಯೆಂಬುದಿಲ್ಲ. ವಾಲ್ವ್ ಸಂಸ್ಥೆ ಅದನ್ನು ಕೊಂಡು 2000ದಲ್ಲಿ ಮಾರಾಟಕ್ಕಿಟ್ಟಿತು. 2023ರಲ್ಲಿ ಅದರ ಹೊಸ ಆವೃತ್ತಿ ಬಂದಿತು.

ಹಾಗೆಂದು ಕಥೆ ವ್ಯರ್ಥವೆಂದು ತಿಳಿಯಲಾಗದು. ಆಟಗಾರರು ಹಾಫ್-ಲೈಫ್‌ನತ್ತ ಆಕರ್ಷಿತರಾಗಲು ಅದರ ಕಥಾಲೋಕವೂ ಕಾರಣವಾಗಿತ್ತು. ಅವರ ಗಣಕಗಳಲ್ಲಿ ಆ ಆಟ ಇದ್ದುದರಿಂದಲೇ ಕೌಂಟರ್-ಸ್ಟ್ರೈಕ್ ಹರಡಲು ಸಾಧ್ಯವಾಯಿತು. ಕಥೆ ಗಿರಾಕಿಯನ್ನು ಅಂಗಡಿಯ ಒಳಗೆ ಕರೆತರುತ್ತದೆ, ಕ್ರಿಯೆ ಅವನನ್ನು ಮರಳಿ ಮರಳಿ ಬರುವಂತೆ ಮಾಡುತ್ತದೆ.

ಸಣ್ಣ ತಯಾರಕರು ಇದರಿಂದ ಗ್ರಹಿಸಬಹುದಾದ ಅಂಶಗಳು ಮೂರು. ಪೂರ್ಣ ಉತ್ಪಾದನೆಗೆ ಮುನ್ನ ಚಿಕ್ಕ ಮಾದರಿಯೊಂದು ಸಿದ್ಧವಾಗಬೇಕು. ಬಳಸುವವನ ಕೈಗೆ ಅದನ್ನು ಕೊಟ್ಟು ತಯಾರಕ ಮೌನವಾಗಿ ಗಮನಿಸಬೇಕು. ಅಲಂಕಾರವು ಸರಕಿನ ಕೆಲಸಕ್ಕೆ ಅಡ್ಡಬಾರದೆ ಅದರೊಡನೆ ಬೆರೆಯಬೇಕು. ಗಡುವಿಗೆ ಅಂಜಿ ಅರೆಬೆಂದ ಸರಕನ್ನು ಸಾಗಿಸಿದ್ದರೆ ವಾಲ್ವ್ ಸಂಸ್ಥೆಯ ಹೆಸರು ಮೊದಲ ಆಟದೊಂದಿಗೇ ಮುಗಿಯುವ ಸಂಭವವಿತ್ತು. ಒಂದು ವರ್ಷದ ವಿಳಂಬ ನಷ್ಟದಂತೆ ಕಂಡರೂ, ಅದು ಸಂಸ್ಥೆಯ ಭವಿಷ್ಯಕ್ಕೆ ಹೂಡಿದ ಬಂಡವಾಳವೇ ಆಯಿತು.