ದೋಣಿ ಹಾಳಾಗುವುದು ದಡದಲ್ಲಿ

ಸಿನ್ನರ್ ನೀರಿನ ಊರಲ್ಲ. ಸಹ್ಯಾದ್ರಿಯ ಮಳೆನೆರಳಿನ ತಾಲೂಕು. ಬೇಸಿಗೆಯಲ್ಲಿ ಇಲ್ಲಿ ಟ್ಯಾಂಕರಿನ ಮಾತೇ ಹೆಚ್ಚು. ಆದರೆ ನಾಸಿಕ್ ದಾಟಿದರೆ ಗಂಗಾಪುರ ಅಣೆಕಟ್ಟಿನ ಹಿನ್ನೀರಿದೆ, ಸಂಭಾಜಿನಗರದ ಕಡೆ ಹೋದರೆ ಪೈಠಣದ ನಾಥಸಾಗರವಿದೆ. ಇದೇ ನಾಸಿಕ್ ಜಿಲ್ಲೆಯ ಒಣ ಸೀಮೆಯ ತಳೇಗಾಂವ್ ರೋಹಿಯಿಂದ ಹೋದ ದತ್ತು ಭೋಕನಳ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಹುಟ್ಟು ಹಾಕಿದರು. ಅವರಿಗೆ ದೋಣಿ ಸಿಕ್ಕಿದ್ದು ಸೈನ್ಯಕ್ಕೆ ಸೇರಿದ ಮೇಲೆ. ಹಾಯಿದೋಣಿಯ ಕಥೆಯೂ ಹಾಗೆಯೇ. ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತನ ಮಗಳು ನೇಹಾ ಠಾಕೂರ್ ಭೋಪಾಲದ ಕೆರೆಯಲ್ಲಿ ಸರ್ಕಾರಿ ತರಬೇತಿ ಶಾಲೆಯಲ್ಲಿ ಕಲಿತು, 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ತಂದರು.

ಸ್ವಂತ ದೋಣಿ ಕೊಡಿಸಬಲ್ಲ ಮನೆಯ ಮಕ್ಕಳಿಗೆ ಕ್ಲಬ್ಬಿನ ದೋಣಿ ಹೇಗಿದ್ದರೂ ಚಿಂತೆಯಿಲ್ಲ. ಉಳಿದ ಮಕ್ಕಳಿಗೆ ಅದೊಂದೇ ಗತಿ. ಹೊರಗಿನಿಂದ ತರಿಸುವ ಹೊಸ ಡಿಂಗಿಗೆ ಲಕ್ಷಗಟ್ಟಲೆ ಬೇಕು. ಆರು ದೋಣಿಯಲ್ಲಿ ಎರಡು ಸೋರತೊಡಗಿದರೆ ಮಕ್ಕಳು ದಡದಲ್ಲಿ ಸರದಿ ಕಾಯುತ್ತಾರೆ. ನಾಲ್ಕು ಸೋರಿದರೆ ಮುಂದಿನ ಭಾನುವಾರದಿಂದ ಬರುವುದನ್ನೇ ಬಿಡುತ್ತಾರೆ. ಮುಂಬೈ, ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಮಕ್ಕಳನ್ನು ಹೀಗೆ ನೀರಿಗೆ ಕರೆದೊಯ್ಯುವ ಕನ್ನಡಿಗರಿಗೆ, ಕ್ಲಬ್ ಸಮಿತಿಯಲ್ಲಿ ಕೂತವರಿಗೆ ಈ ಮಾತುಗಳು.

ಕ್ಲಬ್ಬುಗಳಲ್ಲಿ ಹೆಚ್ಚಾಗಿ ಕಾಣುವವು ಎರಡು ಬಗೆ. ಚಿಕ್ಕ ಮಕ್ಕಳಿಗೆ ಆಪ್ಟಿಮಿಸ್ಟ್. 1947ರಲ್ಲಿ ಅಮೆರಿಕದ ಕ್ಲಾರ್ಕ್ ಮಿಲ್ಸ್ ಇದನ್ನು ರೂಪಿಸಿದ್ದೇ ಪ್ಲೈವುಡ್ಡಿನಲ್ಲಿ ಅಗ್ಗವಾಗಿ ಮನೆಯಲ್ಲೇ ಕಟ್ಟಿಕೊಳ್ಳಲಿ ಎಂದು. ಈಗ ಫೈಬರಿನದು; ಸುಮಾರು 2.3 ಮೀಟರ್ ಉದ್ದ, 35 ಕಿಲೊ ತೂಕ. ದೊಡ್ಡ ಮಕ್ಕಳಿಗೆ ಲೇಸರ್. 2019ರಿಂದ ಅದಕ್ಕೆ ಐಎಲ್‌ಸಿಎ ಎಂಬ ಹೆಸರು.

ಇವು ಹಾಳಾಗುವುದು ನೀರಿಗಿಂತ ದಡದಲ್ಲೇ ಹೆಚ್ಚು. ವಾರಕ್ಕೆ ನಾಲ್ಕು ಗಂಟೆ ನೀರಿನಲ್ಲಿ, ಉಳಿದ ಹೊತ್ತೆಲ್ಲ ದಖ್ಖಣದ ಬಿಸಿಲಿನಲ್ಲಿ. ಬಿಸಿಲಿಗೆ ಜೆಲ್‌ಕೋಟ್ ಸೀಮೆಸುಣ್ಣದಂತೆ ಪುಡಿಯಾಗುತ್ತದೆ, ಹಗ್ಗ ಪೆಡಸಾಗುತ್ತದೆ, ಹಾಯಿಯ ಹೊಲಿಗೆ ದಾರ ಬೆರಳಿಗೇ ಕಿತ್ತು ಬರುತ್ತದೆ. ಸಮುದ್ರದವರಿಗೆ ಉಪ್ಪಿನ ಕಾಟ: ಅಲ್ಯೂಮಿನಿಯಂ ಕಂಬಕ್ಕೆ ಸ್ಟೀಲ್ ರಿವೆಟ್ ಹೊಡೆದ ಕಡೆ ಬಿಳಿ ಪುಡಿ ಕಟ್ಟಿ ಲೋಹ ತಿಂದುಹೋಗುತ್ತದೆ. ಒಳನಾಡಿನವರಿಗೆ ಅದು ಕಡಿಮೆ, ಆದರೆ ಧೂಳು ಹೆಚ್ಚು. ರಾಟೆಯೊಳಗೆ ಸೇರಿದ ಮರಳು ಹಗ್ಗವನ್ನು ಅರದಂತೆ ಉಜ್ಜುತ್ತದೆ. ಮೇ ತಿಂಗಳಿನಲ್ಲಿ ಅಣೆಕಟ್ಟಿನ ನೀರು ಹಿಂದೆ ಸರಿದಾಗ ದೋಣಿಯನ್ನು ಕಲ್ಲಿನ ಮೇಲೆ ದರದರ ಎಳೆದೊಯ್ಯುತ್ತಾರೆ. ಒಂದು ವರ್ಷದ ಸವೆತ ಆ ಇಪ್ಪತ್ತು ಹೆಜ್ಜೆಯಲ್ಲೇ ಆಗಿಹೋಗುತ್ತದೆ.

ಆದ್ದರಿಂದ ನನ್ನನ್ನು ಕೇಳಿದರೆ ಮೊದಲ ದುಡ್ಡು ಹೊಸ ಹಾಯಿಗಲ್ಲ, ಹೊದಿಕೆಗೆ ಮತ್ತು ಟ್ರಾಲಿಗೆ. ದಪ್ಪ ಬಟ್ಟೆಯ ಹೊದಿಕೆಯಾಗಲಿ, ಒಂದು ತಗಡಿನ ಚಪ್ಪರವಾಗಲಿ. ನೀಲಿ ಟಾರ್ಪಾಲನ್ನು ಬಿಗಿಯಾಗಿ ಸುತ್ತಿ ಕಟ್ಟಿದರೆ ಒಳಗೆ ಬೆವರು ನಿಂತು ಬೂಷ್ಟು ಹಿಡಿಯುತ್ತದೆ. ಗಾಳಿಯಾಡಲು ಜಾಗ ಬೇಕು. ಟ್ರಾಲಿಗೆ ಹಣವಿಲ್ಲವೆಂದರೆ ಹಳೆಯ ಟೈರುಗಳಾದರೂ ಆದೀತು.

ಎರಡನೆಯದು ತೇಲುವ ಶಕ್ತಿ. ಇದರಲ್ಲಿ ರಾಜಿ ಕೂಡದು. ಆಪ್ಟಿಮಿಸ್ಟ್ ಒಳಗೆ ಮೂರು ಗಾಳಿಚೀಲಗಳಿರುತ್ತವೆ. ದೋಣಿ ಮಗುಚಿದಾಗ ಅದನ್ನು, ಅದಕ್ಕೆ ಜೋತುಬಿದ್ದ ಮಗುವನ್ನು ಮೇಲೆ ಹಿಡಿಯುವವು ಅವೇ. ಬೆಳಿಗ್ಗೆ ಊದಿ, ಸಂಜೆ ಅದುಮಿ ನೋಡಿ. ಮೆತ್ತಗಾಗಿದ್ದರೆ ಬಿರಡೆ ಸೋರುತ್ತಿದೆ. ಚೀಲ ಕಟ್ಟುವ ಪಟ್ಟಿಯನ್ನೂ ಎಳೆದು ನೋಡಿ. ಪಟ್ಟಿ ಹರಿದರೆ ಚೀಲ ತಾನೊಬ್ಬನೇ ತೇಲಿಹೋಗುತ್ತದೆ.

ಲೇಸರಿನ ಕಥೆ ಬೇರೆ, ಅದರ ಒಡಲೇ ಮುಚ್ಚಿದ ಡಬ್ಬ. ಅದು ಸೋರುತ್ತಿದೆಯೇ ಎಂದು ತಿಳಿಯುವ ವಿದ್ಯೆ ನಮ್ಮ ಪಂಕ್ಚರ್ ಅಂಗಡಿಯವರದು. ಗಾಳಿಯಾಡುವ ಸಣ್ಣ ತೂತಿಗೆ ಟೇಪು ಹಚ್ಚಿ, ನೀರು ಬಸಿಯುವ ತೂತಿಗೆ ಕೊಳವೆ ಇಟ್ಟು ಬಾಯಿಂದ ಮೆಲ್ಲಗೆ ಊದಬೇಕು. ಕಂಪ್ರೆಸರ್ ಹಚ್ಚಿದರೆ ಒಡಲೇ ಬಿರಿಯುತ್ತದೆ. ಅಂಚಿಗೂ ಸ್ಕ್ರೂಗಳಿಗೂ ಸೋಪಿನ ನೀರು ಸವರಿದರೆ ಗುಳ್ಳೆ ಎದ್ದ ಕಡೆ ಸೋರಿಕೆ. ಆಮೇಲೆ ಕಂಬ ನಿಲ್ಲುವ ಗುಂಡಿಗೆ ನೀರು ತುಂಬಿ ಬಿಟ್ಟುನೋಡಿ. ಮಟ್ಟ ಇಳಿದರೆ ಗುಂಡಿಯ ತಳ ಬಿಟ್ಟಿದೆ. ಗಾಳಿಯ ಹೊಡೆತವೆಲ್ಲ ಬಂದು ಸೇರುವುದು ಅಲ್ಲಿಯೇ. ಅದನ್ನು ಕಡೆಗಣಿಸಿದರೆ ಒಂದು ಜೋರು ಗಾಳಿಗೆ ಕಂಬ ಡೆಕ್ಕನ್ನು ಸೀಳಿಕೊಂಡು ಬರುತ್ತದೆ.

ತೇಪೆ ಹಾಕುವ ಕೆಲಸಕ್ಕೆ ಹಡಗುಕಟ್ಟೆಯವರೇ ಬೇಕೆಂದಿಲ್ಲ. ಸಿನ್ನರಿನ ಮಾಳೇಗಾಂವ್, ಮುಸಳಗಾಂವ್ ಕೈಗಾರಿಕಾ ವಸಾಹತುಗಳಂಥ ಕಡೆ ದುಡಿಯುವ ನಮ್ಮವರಿಗೆ ಲೋಹ, ರೆಸಿನ್ ಹೊಸದಲ್ಲ. ಆದರೆ ಎರಡು ಎಚ್ಚರಿಕೆ. ಒಡಲು ಪೂರ್ತಿ ಒಣಗಿರಬೇಕು. ಒಳಗೆ ತೇವವಿದ್ದರೆ ತೇಪೆ ಹಪ್ಪಳದಂತೆ ಎದ್ದುಬರುತ್ತದೆ. ಉಪ್ಪು ಕಾಗದದಲ್ಲಿ ಚೆನ್ನಾಗಿ ಉಜ್ಜಿ, ಬಿಸಿಲೇರುವ ಮೊದಲೇ ಕೆಲಸ ಮುಗಿಸಿ. ನಡುಹಗಲ ಸೆಕೆಗೆ ರೆಸಿನ್ ಬಟ್ಟಲಿನಲ್ಲೇ ಗಟ್ಟಿಯಾಗುತ್ತದೆ. ಎರಡನೆಯದು ಜೀವದ ಮಾತು: ಕೋಬಾಲ್ಟ್ ದ್ರಾವಣವನ್ನೂ ಹಾರ್ಡನರನ್ನೂ ನೇರವಾಗಿ ಎಂದೂ ಬೆರೆಸಬೇಡಿ, ಸಿಡಿಯುತ್ತದೆ. ಕೋಬಾಲ್ಟ್ ಮೊದಲು ರೆಸಿನ್ನಿನಲ್ಲಿ ಪೂರ್ತಿ ಕಲೆಯಬೇಕು, ಹಾರ್ಡನರ್ ಆಮೇಲೆ. ಹಾರ್ಡನರ್ ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕನ್ನಡಕ ಹಾಕದವರ ಕೈಗೆ ಶೀಶೆ ಕೊಡಬೇಡಿ.

ಇನ್ನು ಸುಧಾರಣೆ. ಕ್ಲಬ್ಬುಗಳಿಗೆ ದುಡ್ಡು ಬಂದ ತಕ್ಷಣ ಹೊಸ ದೋಣಿ ಕೊಳ್ಳುವ ಆಸೆ, ಉದ್ಘಾಟನೆಗೆ ಫೋಟೊ ಚೆನ್ನಾಗಿ ಬರುತ್ತದಲ್ಲ! ಲೇಸರಿನ ಜಾಣತನ ಎಲ್ಲಿದೆಯೆಂದರೆ, ಒಂದೇ ಒಡಲಿಗೆ ಮೂರು ಅಳತೆಯ ಹಾಯಿ ಕೂರುತ್ತದೆ. ಐಎಲ್‌ಸಿಎ 4, 6, 7 ಎನ್ನುವುದು ಹೆಚ್ಚುಕಡಿಮೆ ಹಾಯಿಯ ಚದರ ಮೀಟರ್ ಲೆಕ್ಕ. ಕಂಬದ ಕೆಳತುಂಡು ಮತ್ತು ಹಾಯಿ ಬದಲಿಸಿದರೆ, ಬೆಳಿಗ್ಗೆ ಹದಿಮೂರರ ಹುಡುಗಿ ಓಡಿಸಿದ ದೋಣಿಯನ್ನೇ ಮಧ್ಯಾಹ್ನ ಅವಳಪ್ಪ ಓಡಿಸಬಹುದು. ಚಿಕ್ಕ ಹಾಯಿಯ ಒಂದು ಜೊತೆ ಕೊಂಡರೆ ಹೊಸ ದೋಣಿ ಬಂದಂತೆಯೇ.

ಹಳೆಯ ಮಾದರಿಯಲ್ಲಿ ಹಾಯಿ ಬಿಗಿಯಲು ದೊಡ್ಡವರ ತೋಳೇ ಬೇಕಿತ್ತು. ನಾಲ್ಕಾರು ರಾಟೆ ಹೆಚ್ಚಿಸಿ ಎಳೆತವನ್ನು ಹಂಚಿದರೆ ನಲವತ್ತು ಕಿಲೊ ತೂಕದ ಮಗುವಿಗೂ ಕೈಗೆಟುಕುತ್ತದೆ. ಕಂಬದ ಮೇಲಿನ ಅಲ್ಯೂಮಿನಿಯಂ ತುಂಡು ಸ್ವಲ್ಪ ಬಾಗಿದರೆ ಬಿಸಾಡಬೇಕಿಲ್ಲ. ಮುಚ್ಚಳ, ಬಳೆ ಬಿಚ್ಚಿ ತಲೆಕೆಳಗು ಮಾಡಿ ಜೋಡಿಸಿದರೆ ಇನ್ನಷ್ಟು ಕಾಲ ಬರುತ್ತದೆ. ಹಾಯಿಗಳಲ್ಲಿ ಸ್ಪರ್ಧೆಯದು ಬೇರೆ, ಕಲಿಕೆಯದು ಬೇರೆ ಇರಲಿ. ದಡದಲ್ಲಿ ನಿಂತು ಹರಟುವಾಗ ಹಾಯಿ ಪಟಪಟ ಬಡಿದುಕೊಳ್ಳುತ್ತಿದ್ದರೆ ಅದರ ಆಯುಸ್ಸು ಅಲ್ಲೇ ಮುಗಿಯುತ್ತಿದೆ ಎಂದರ್ಥ. ಇಳಿಸಿ, ಸುತ್ತಿಡಿ, ಮಡಚಬೇಡಿ.

ಹಳೆಯ ದೋಣಿಯೆಂದರೆ ಮೂಗು ಮುರಿಯುವವರಿಗೆ ಬೆಂಗಳೂರಿನದೇ ಉತ್ತರವಿದೆ. ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಹಾಯಿದೋಣಿ ಕ್ಲಬ್ಬಿನ ಹೆಸರು ತೃಷ್ಣಾ. 1985ರಿಂದ 1987ರವರೆಗೆ ನಮ್ಮ ಸೈನ್ಯದ ಎಂಜಿನಿಯರುಗಳು ಪ್ರಪಂಚ ಸುತ್ತಿಬಂದ ದೋಣಿಯ ಹೆಸರೂ ಅದೇ. ಆ ದೋಣಿ ಇಂಗ್ಲೆಂಡಿನಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಮಾಲು.

ಕೊನೆಗೊಂದು ಹತ್ತು ರೂಪಾಯಿಯ ಸಲಕರಣೆ: ದೋಣಿಗೊಂದು ನೋಟ್‌ಬುಕ್. ನೀರಿನಿಂದ ಬಂದವರು, ಹತ್ತು ವರ್ಷದವರಾದರೂ ಸರಿ, ಸಡಿಲಾದ ಸ್ಕ್ರೂ, ಬಸಿದ ನೀರು, ಸವೆದ ಹಗ್ಗ ಬರೆದಿಡಲಿ. ಒಂದು ಮಗ್ ನೀರು ಬಸಿದ ವಾರ ಸೋಪಿನ ನೀರು ಸಾಕಾಗುತ್ತದೆ. ಒಂದು ಬಕೆಟ್ ಬಸಿಯುವ ಹೊತ್ತಿಗೆ ಡೆಕ್ ಕೊಯ್ಯಬೇಕಾಗುತ್ತದೆ.