ಅಕ್ಕಚ್ಚಿನ ಮರಿಗೆಯಲ್ಲಿ ಅರಳುವ ಹೂವು

ಕೊಟ್ಟಿಗೆ ಖಾಲಿಯಾದ ಮೇಲೆ ಅಕ್ಕಚ್ಚಿನ ಕಲ್ಲುಮರಿಗೆ ಬಹಳ ದಿನ ಅಂಗಳದ ಮೂಲೆಯಲ್ಲಿ ಸುಮ್ಮನೆ ಬಿದ್ದಿತ್ತು. ನಾಲ್ಕಡಿ ಉದ್ದ, ಒಂದಡಿ ಆಳ. ನಾಲ್ಕು ಜನ ಸೇರಿ ಅದನ್ನು ದಾಸವಾಳದ ಪಕ್ಕಕ್ಕೆ ತಂದು ಕೂರಿಸಿದಾಗ ನನ್ನ ಮನಸ್ಸಿನಲ್ಲಿದ್ದದ್ದು ತಾವರೆ. ಆದರೆ ತಾವರೆಯ ಗೆಡ್ಡೆಗೆ ಹರಿದಾಡಲು ಜಾಗ ಬೇಕು, ಎಲೆಯೇ ಊಟದ ತಟ್ಟೆಯಷ್ಟಗಲ. ಸಣ್ಣ ನೀರಿಗೆ ಸಣ್ಣ ಗಿಡವೇ ಸೈ.

ನನ್ನ ಅಚ್ಚುಮೆಚ್ಚಿನದು, ನರ್ಸರಿಯವರು ಸ್ನೋಫ್ಲೇಕ್ ಎನ್ನುವ ನಿಂಫಾಯ್ಡಿಸ್ ಇಂಡಿಕಾ. ನಮ್ಮ ಕೆರೆಗಳಲ್ಲಿ ತಾನಾಗಿ ಬೆಳೆಯುವ ಗಿಡವೇ. ಎಲೆ ನೋಡಿದರೆ ನೈದಿಲೆಯ ಮರಿ ಅನ್ನಿಸುತ್ತದೆ. ಸಸ್ಯಶಾಸ್ತ್ರದ ಪ್ರಕಾರ ನೈದಿಲೆಗಿಂತ ಸೂರ್ಯಕಾಂತಿಗೇ ಹತ್ತಿರದ ನೆಂಟ. ಬೆಳಿಗ್ಗೆ ಬಗ್ಗಿ ನೋಡಬೇಕು: ಪುಟ್ಟ ಬಿಳಿ ಹೂವು, ನಡುವೆ ಅರಿಶಿನ, ಎಸಳಿನ ಮೈತುಂಬ ಹತ್ತಿಯ ಎಳೆಯಂಥ ಕೂದಲು. ಒಂದು ಹೂವಿಗೆ ಒಂದೇ ದಿನ. ಮುದುಡಿದ ಮೇಲೆ ತೊಟ್ಟು ಬಾಗಿ ನೀರೊಳಗೆ ಇಳಿಯುತ್ತದೆ, ಕಾಯಿ ಬಲಿಯುವುದು ಅಲ್ಲೇ. ಮರುದಿನ ಅದೇ ಗೊಂಚಲಿನಿಂದ ಇನ್ನೊಂದು ಮೊಗ್ಗು ಏಳುತ್ತದೆ. ಹೂಗೊಂಚಲಿರುವ ಎಲೆಯನ್ನು ತುಸು ದಂಟಿನ ಸಮೇತ ಚಿವುಟಿ ತೇಲಬಿಟ್ಟರೆ ಬೇರೊಡೆದು ಅದೇ ಹೊಸ ಗಿಡವಾಗುತ್ತದೆ.

ಮೊದಲ ವರ್ಷ ಚೆನ್ನಾಗಿ ಬರಲಿ ಎಂದು ಮಣ್ಣಿಗೆ ಸಗಣಿಗೊಬ್ಬರ ಬೆರೆಸಿದೆ. ವಾರದಲ್ಲಿ ನೀರು ಬಸಳೆ ಅರೆದು ಕದಡಿದಂತಾಯಿತು. ಒಂದು ಬೆಳಿಗ್ಗೆ ನೋಡಿದರೆ ಸೊಳ್ಳೆಮರಿ ತಿನ್ನಲೆಂದು ಬಿಟ್ಟಿದ್ದ ಗಪ್ಪಿ ಮೀನುಗಳು ಸತ್ತು ತೇಲುತ್ತಿದ್ದವು. ಇವತ್ತಿಗೂ ಅದು ಕಣ್ಣಿಗೆ ಕಟ್ಟಿದಂತಿದೆ. ಕರಗಿದ ಗೊಬ್ಬರ ಗಿಡಕ್ಕಿಂತ ಮೊದಲು ಪಾಚಿಗೆ ಸಿಗುತ್ತದೆ; ರಾತ್ರಿ ಆ ಪಾಚಿಯೂ ಕೊಳೆಯುವ ಗೊಬ್ಬರವೂ ಸೇರಿ ನೀರಿನ ಆಮ್ಲಜನಕವನ್ನು ಹೀರಿಬಿಡುತ್ತವೆ. ಈಗ ಬರೀ ಕೆರೆಗೋಡು. ಅಗಲ ಬಾಯಿಯ ಕುಂಡಕ್ಕೆ ತುಂಬಿ, ಮೇಲೆ ಬೆರಳುದಪ್ಪ ದಪ್ಪಮರಳು ಹರಡಿ, ಇಟ್ಟಿಗೆಯ ಮೇಲೆ ಕೂರಿಸುತ್ತೇನೆ. ಮಣ್ಣಿನ ಮೇಲೆ ನಾಲ್ಕೈದು ಇಂಚು ನೀರು, ದಿನಕ್ಕೆ ಐದಾರು ಗಂಟೆ ಬಿಸಿಲು. ನೀರಿನ ಅರ್ಧಭಾಗ ಎಲೆಯ ನೆರಳಲ್ಲಿದ್ದರೆ ಪಾಚಿ ತಾನೇ ಸೋಲುತ್ತದೆ. ಕಾರಂಜಿ ಮಾತ್ರ ಬೇಡ. ತೇಲುವ ಎಲೆಗೆ ಉಸಿರಾಡುವ ರಂಧ್ರಗಳಿರುವುದು ಮೇಲ್ಮೈಯಲ್ಲಿ, ಸದಾ ನೀರು ಬೀಳುತ್ತಿದ್ದರೆ ಅದು ಸೊರಗುತ್ತದೆ.

ಅಂಚಿಗೆ ನೀರುಬ್ರಾಹ್ಮಿ ಹಬ್ಬಿಸಿದ್ದೇನೆ. ಪಕ್ಕದಲ್ಲಿ ಮಾರ್ಸೀಲಿಯ, ಗದ್ದೆಯ ಬದುಗಳಲ್ಲಿ ಸಿಗುವ ನಾಲ್ಕೆಸಳಿನ ಜರಿಗಿಡ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದು ಎಲೆಗಳನ್ನು ಕೈಮುಗಿದ ಹಾಗೆ ಮಡಚಿಕೊಳ್ಳುತ್ತದೆ.

ಅಂತರಗಂಗೆಯನ್ನೂ ನೀಲಿಹೂವಿನ ವಾಟರ್ ಹಯಸಿಂತನ್ನೂ ಯಾರು ಪುಕ್ಕಟೆ ಕೊಟ್ಟರೂ ನಾನು ತರುವುದಿಲ್ಲ. ದಕ್ಷಿಣ ಅಮೆರಿಕದಿಂದ ಬಂದ ಆ ಹಯಸಿಂತ್ ಬೆಂಗಳೂರಿನ ಕೆರೆಗಳಿಗೆ ಏನು ಮಾಡಿದೆಯೆಂದು ನೋಡಿದ್ದೇನೆ. ನೀರೇ ಕಾಣದಂತೆ ಮುಚ್ಚಿಬಿಡುತ್ತದೆ. ನಮ್ಮ ಅಂಗಳದ ನೀರು ಹರಿದು ಸೇರುವುದು ತೋಟದ ಹಳ್ಳಕ್ಕೆ, ಹಳ್ಳ ಸೇರುವುದು ಊರ ಕೆರೆಗೆ. ಅದಕ್ಕೇ ಜೂನ್ ಹಿಡಿಯುವ ಮುಂಚೆ ಮರಿಗೆ ತುಂಬಿ ಚೆಲ್ಲುವ ಮೂಲೆಗೆ ಸಣ್ಣಕಣ್ಣಿನ ಬಲೆ ಕಟ್ಟಿ, ಎರಡೂ ಕಡೆ ಕಲ್ಲು ಹೇರುತ್ತೇನೆ.