ಕೆಸರೆರಚುವ ಪ್ರಚಾರ: ಮತದಾರ ಸಹೋದರಿಯರೇ, ಎಚ್ಚರ!



ಚುನಾವಣೆ ಬಂತೆಂದರೆ ಪೇಪರ್, ಟಿ.ವಿ., ಕರಪತ್ರ, ಕೈಯಲ್ಲಿರುವ ಮೊಬೈಲು ಎಲ್ಲೆಲ್ಲೂ ಪ್ರಚಾರವೇ ಪ್ರಚಾರ. ಅದರಲ್ಲಿ ಎರಡು ಬಗೆ. "ನಾವು ಇಂಥ ಕೆಲಸ ಮಾಡಿದ್ದೇವೆ, ಗೆದ್ದರೆ ಇಂಥದ್ದು ಮಾಡುತ್ತೇವೆ" ಎನ್ನುವುದು ಒಂದು. "ಅವರು ಸರಿಯಿಲ್ಲ, ಅವರಿಗೆ ಓಟು ಹಾಕಬೇಡಿ" ಎನ್ನುವುದು ಇನ್ನೊಂದು. ಎರಡನೆಯದಕ್ಕೆ ನಕಾರಾತ್ಮಕ ಪ್ರಚಾರ ಎಂದು ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಕೆಸರೆರಚಾಟ. ಇದು ಮತದಾರರ ಮೇಲೆ ಏನು ಪರಿಣಾಮ ಮಾಡುತ್ತದೆ, ನಾವು ಇದನ್ನು ಹೇಗೆ ತೂಗಿ ನೋಡಬೇಕು ಎಂಬುದನ್ನು ತಿಳಿದುಕೊಳ್ಳೋಣ.

ಟೀಕೆ ಬೇರೆ, ಚಾಡಿ ಬೇರೆ

ಎದುರಾಳಿಯ ತಪ್ಪು ತೋರಿಸುವುದೆಲ್ಲ ಕೆಟ್ಟದ್ದಲ್ಲ. ನಮ್ಮ ಸಂಘದಲ್ಲೇ ನೋಡಿ. ಪ್ರತಿನಿಧಿ ಬ್ಯಾಂಕಿಗೆ ಹಣ ಕಟ್ಟಿಲ್ಲವೆಂದರೆ "ಪಾಸ್‌ಬುಕ್ ತೋರಿಸಮ್ಮ" ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಅದು ಟೀಕೆ. ಲೆಕ್ಕದ ಮಾತು ಬಿಟ್ಟು ಅವಳ ಜಾತಿ, ಅವಳ ಸಂಸಾರದ ವಿಷಯ ಎತ್ತಿದರೆ ಅದು ಚಾಡಿ. ಚುನಾವಣೆಯಲ್ಲೂ ಅಷ್ಟೇ. "ಐದು ವರ್ಷದಲ್ಲಿ ನೀರಿನ ಪೈಪು ಹಾಕಿಸಲಿಲ್ಲ" ಎಂಬ ಮಾತನ್ನು ನಾವು ನಲ್ಲಿ ತಿರುಗಿಸಿ ಪರೀಕ್ಷಿಸಬಹುದು. ಇಂಥ ಟೀಕೆಯಿಂದ ಮತದಾರರಿಗೆ ಉಪಕಾರವೇ.

ಚುನಾವಣಾ ಆಯೋಗದ ಮಾದರಿ ನೀತಿ ಸಂಹಿತೆಯೂ ಇದನ್ನೇ ಹೇಳುತ್ತದೆ. ಬೇರೆ ಪಕ್ಷದ ನೀತಿ, ಕಾರ್ಯಕ್ರಮ, ಹಿಂದೆ ಮಾಡಿದ ಕೆಲಸವನ್ನು ಟೀಕಿಸಬಹುದು. ಖಾಸಗಿ ಬದುಕನ್ನು ಎಳೆದು ತರುವಂತಿಲ್ಲ. ಖಚಿತವಾಗದ ಆರೋಪ ಮಾಡುವಂತಿಲ್ಲ. ಜಾತಿ, ಧರ್ಮದ ಹೆಸರಲ್ಲಿ ದ್ವೇಷ ಹುಟ್ಟಿಸುವಂತಿಲ್ಲ.

ನಮ್ಮ ರಾಜ್ಯದಲ್ಲೇ ನಡೆದದ್ದು

2023ರ ಮೇ 10ರಂದು ವಿಧಾನಸಭೆಗೆ ಮತದಾನವಿತ್ತು. ಅದಕ್ಕೆ ಕೆಲವೇ ದಿನ ಮುಂಚೆ, ಯಾವ ಹುದ್ದೆಗೆ ಎಷ್ಟು ಲಂಚ ಎಂಬ 'ಭ್ರಷ್ಟಾಚಾರದ ದರ ಪಟ್ಟಿ'ಯನ್ನು ಕಾಂಗ್ರೆಸ್ ಪಕ್ಷ ಪತ್ರಿಕೆಗಳಲ್ಲಿ ಜಾಹೀರಾತಾಗಿ ಹಾಕಿಸಿತು. ಬಿಜೆಪಿ ದೂರು ಕೊಟ್ಟಿತು. ಆಯೋಗ ಮೇ 6ರಂದು ನೋಟಿಸ್ ಕೊಟ್ಟು, ಇದಕ್ಕೆ ಪುರಾವೆ ಒದಗಿಸಿ ಎಂದು ಕೇಳಿತು. ವಿಷಯ ಕೋರ್ಟಿಗೂ ಹೋಯಿತು.

2024ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯ ಬಿಜೆಪಿಯ ಸರದಿ. ಮೀಸಲಾತಿ ವಿಷಯ ಹಿಡಿದು ಒಂದು ಕಾರ್ಟೂನ್ ವಿಡಿಯೋ ಬಿಟ್ಟಿತು. ಕಾಂಗ್ರೆಸ್ ದೂರು ಕೊಟ್ಟಿತು. ಅದನ್ನು ತೆಗೆದುಹಾಕುವಂತೆ 'ಎಕ್ಸ್' ಸಂಸ್ಥೆಗೆ ಆಯೋಗ ಆದೇಶ ಮಾಡಿದ್ದು ಮೇ 7ರಂದು. ಅದೇ ದಿನ ರಾಜ್ಯದ 14 ಕ್ಷೇತ್ರಗಳಲ್ಲಿ ಮತದಾನ ನಡೆಯುತ್ತಿತ್ತು!

ಇಲ್ಲಿ ನಾವು ಯಾವ ಪಕ್ಷದ ಪರವೂ ಮಾತಾಡುತ್ತಿಲ್ಲ. ಗಮನಿಸಬೇಕಾದದ್ದು ಒಂದೇ: ಆರೋಪ ಓಡುತ್ತದೆ, ವಿಚಾರಣೆ ನಡೆದುಕೊಂಡು ಬರುತ್ತದೆ. ಆಯೋಗದ ನೋಟಿಸು, ಕೋರ್ಟಿನ ತೀರ್ಪು ಬರುವಷ್ಟರಲ್ಲಿ ಓಟು ಮುಗಿದಿರುತ್ತದೆ. ಆದ್ದರಿಂದ ಮೊದಲ ಪರೀಕ್ಷೆ ಮಾಡಬೇಕಾದವರು ನಾವೇ.

ಮನಸ್ಸಿನ ಮೇಲೆ ಏನಾಗುತ್ತದೆ?

ಹತ್ತು ಒಳ್ಳೆ ಮಾತಿಗಿಂತ ಒಂದು ಕೆಟ್ಟ ಮಾತು ಹೆಚ್ಚು ದಿನ ನೆನಪಿರುತ್ತದೆ. ಪ್ರಚಾರ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಅಮೆರಿಕದಲ್ಲಿ 1964ರ ಅಧ್ಯಕ್ಷ ಚುನಾವಣೆಯಲ್ಲಿ ಜಾನ್ಸನ್ ಕಡೆಯವರು ಟಿ.ವಿ.ಯಲ್ಲಿ ಒಂದು ಜಾಹೀರಾತು ಹಾಕಿದರು. ಪುಟ್ಟ ಹುಡುಗಿ ಹೂವಿನ ದಳ ಕೀಳುತ್ತಾ ಎಣಿಸುತ್ತಾಳೆ, ಅಷ್ಟರಲ್ಲಿ ಅಣುಬಾಂಬ್ ಸಿಡಿಯುತ್ತದೆ. ಎದುರಾಳಿಯ ಹೆಸರೇ ಅದರಲ್ಲಿರಲಿಲ್ಲ. ಹಣ ಕೊಟ್ಟು ಹಾಕಿಸಿದ್ದು ಒಂದೇ ಸಲ. ಆದರೂ ಜನ ಇಂದಿಗೂ ಅದನ್ನು ಮರೆತಿಲ್ಲ. ಕಾರಣ, ಅದು ಮುಟ್ಟಿದ್ದು ತಾಯಂದಿರ ಭಯವನ್ನು.

ಅಲ್ಲಿನ ವಿದ್ವಾಂಸರು ಈ ಬಗ್ಗೆ ಬಹಳ ಅಧ್ಯಯನ ಮಾಡಿದ್ದಾರೆ. ಇಂಥ ಜಾಹೀರಾತಿನಿಂದ ಜನ ಬೇಸತ್ತು ಓಟು ಹಾಕುವುದನ್ನೇ ಬಿಡುತ್ತಾರೆ ಎಂದು 1995ರಲ್ಲಿ ಒಂದು ಪುಸ್ತಕ ಹೇಳಿತು. ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2007ರ ವರದಿ ಹಾಗೆ ಖಚಿತವಾಗಿ ಹೇಳಲಾಗದು ಎಂದಿತು. ಕೆಸರೆರಚಿದವರಿಗೆ ಓಟು ಹೆಚ್ಚುತ್ತದೆ ಎಂಬುದಕ್ಕೂ ಗಟ್ಟಿ ಆಧಾರ ಸಿಗಲಿಲ್ಲ. ಆದರೆ ಸರ್ಕಾರದ ಮೇಲಿನ ನಂಬಿಕೆ, "ನಮ್ಮ ಓಟಿನಿಂದ ಏನಾದರೂ ಆಗುತ್ತದೆ" ಎಂಬ ಭರವಸೆ ಸ್ವಲ್ಪ ಸವೆಯುತ್ತದೆ ಎಂದು ಅದು ತಿಳಿಸಿತು.

ನಿಜವಾದ ನಷ್ಟ ಇದೇ. "ಎಲ್ಲಾ ಕಳ್ಳರೇ ಬಿಡ್ರೀ, ಯಾರು ಬಂದ್ರೂ ನಮಗೆ ರಾಗಿ ಬೀಸೋದು ತಪ್ಪುತ್ತಾ?" ಎಂದು ನಾವು ಕೈಚೆಲ್ಲಿದರೆ ಕಳ್ಳರಿಗೂ ಪ್ರಾಮಾಣಿಕರಿಗೂ ವ್ಯತ್ಯಾಸವೇ ಇಲ್ಲದಂತಾಗುತ್ತದೆ. ಆಗ ಲಾಭ ಯಾರಿಗೆ? ಯೋಚಿಸಿ.

ಮಹಿಳೆಯರಿಗೆ ಹೆಚ್ಚಿನ ಪೆಟ್ಟು

ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ, ದೊಡ್ಡ ಜಾಹೀರಾತೂ ಇಲ್ಲ. ಅಲ್ಲಿ ಜಾಹೀರಾತಿನ ಕೆಲಸ ಮಾಡುವುದು ಜಗುಲಿ ಮಾತು ಮತ್ತು ವಾಟ್ಸಾಪ್. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿರುವುದರಿಂದ ನಮ್ಮ ಸಂಘದ ಸದಸ್ಯೆಯರೂ ನಿಲ್ಲುತ್ತಾರೆ. ಗಂಡಸು ನಿಂತರೆ ಅವನ ಕೆಲಸದ ಮಾತು. ಹೆಂಗಸು ನಿಂತರೆ "ಸಂಜೆ ಮೇಲೆ ಮೀಟಿಂಗ್ ಅಂತ ಎಲ್ಲಿಗೆ ಹೋಗ್ತಾಳೋ" ಎಂಬ ಮಾತು. ಇದನ್ನು ನಾವೇ ಬಾಯಿಂದ ಬಾಯಿಗೆ ದಾಟಿಸಿದರೆ ನಾಳೆ ಯಾವ ಸಹೋದರಿ ಮುಂದೆ ಬಂದಾಳು? ಚುನಾವಣೆ ಮುಗಿದ ಮೇಲೂ ಸಂಘದಲ್ಲಿ ಒಟ್ಟಿಗೆ ಕೂತು ಉಳಿತಾಯ ಕಟ್ಟಬೇಕಾದವರು ನಾವು. ನೆರೆಯವರ ಮೇಲೆ ಸುಳ್ಳು ಹೇಳಬಾರದೆಂದು ಎಲ್ಲ ಧರ್ಮಗಳೂ ಕಲಿಸುತ್ತವೆ. ಚುನಾವಣೆಯ ಸಮಯಕ್ಕೆ ಅದರಿಂದ ರಜೆ ಇಲ್ಲ.

ನಾವು ಏನು ಮಾಡಬಹುದು?

1. ಆರೋಪ ಕೇಳಿದಾಗ ಮೂರು ಪ್ರಶ್ನೆ ಹಾಕೋಣ: ಹೇಳಿದವರು ಯಾರು? ಆಧಾರ ಏನು? ಇದು ಕೆಲಸದ ವಿಷಯವೋ, ಮನೆ ವಿಷಯವೋ?

2. ಕರಪತ್ರದ ಕೆಳಗೆ ನೋಡೋಣ. ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಇಲ್ಲದಿದ್ದರೆ 1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯಂತೆ ಅದು ಅಪರಾಧ. 6 ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

3. ವಿಧಾನಸಭೆ, ಲೋಕಸಭೆ ಅಭ್ಯರ್ಥಿಗಳು ತಮ್ಮ ಮೇಲಿನ ಕ್ರಿಮಿನಲ್ ಕೇಸು, ಆಸ್ತಿ, ಸಾಲ, ವಿದ್ಯಾಭ್ಯಾಸದ ಬಗ್ಗೆ ಪ್ರಮಾಣಪತ್ರ ಸಲ್ಲಿಸಬೇಕು. ಅದು ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಓದು ಬರುವ ಮಕ್ಕಳಿಂದ ತೆಗೆಸಿ, ಸಂಘದಲ್ಲಿ ಓದಿಸಿ.

4. ಖಚಿತವಾಗದ ಮೆಸೇಜನ್ನು ಮುಂದಕ್ಕೆ ಕಳಿಸುವುದು ಬೇಡ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

5. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ನೀತಿ ಸಂಹಿತೆ ಮುರಿದದ್ದು ಕಂಡರೆ 'ಸಿ-ವಿಜಿಲ್' ಆ್ಯಪ್‌ನಲ್ಲಿ ಫೋಟೋ ಸಮೇತ ದೂರು ಕೊಡಬಹುದು. 1950ಕ್ಕೆ ಫೋನ್ ಮಾಡಬಹುದು. ಪಂಚಾಯಿತಿ ಚುನಾವಣೆಯಾದರೆ ಚುನಾವಣಾಧಿಕಾರಿಗೆ ಅಥವಾ ತಹಶೀಲ್ದಾರರಿಗೆ ಬರೆದುಕೊಡಿ.

6. ಯಾರೂ ಒಪ್ಪಿಗೆಯಾಗದಿದ್ದರೂ ಮನೆಯಲ್ಲಿ ಕೂರಬೇಡಿ. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ 2013ರಿಂದ 'ನೋಟಾ' ಗುಂಡಿ ಇದೆ.

ಸಂಘದ ಸಭೆಯಲ್ಲಿ ಚರ್ಚಿಸಿ

* ಕಳೆದ ಚುನಾವಣೆಯಲ್ಲಿ ನಾವು ಕೇಳಿದ ಆರೋಪಗಳಲ್ಲಿ ಯಾವುದು ಟೀಕೆ, ಯಾವುದು ಚಾಡಿ?
* ನಮ್ಮೂರಿಗೆ ಬೇಕಾದ ಮೂರು ಕೆಲಸ ಯಾವುವು? ಓಟು ಕೇಳಲು ಬಂದವರಿಗೆ ನಾವು ಏನು ಕೇಳುತ್ತೇವೆ?

ಓಟು ಕೇಳಲು ಬಂದವರು ಎದುರಾಳಿಯನ್ನು ಬೈಯಲು ಶುರು ಮಾಡಿದರೆ ಮರ್ಯಾದೆಯಿಂದಲೇ ಹೇಳೋಣ: "ಅವರ ವಿಷಯ ಇರಲಿ ಸ್ವಾಮಿ, ನೀವು ನಮ್ಮೂರಿಗೆ ಏನು ಮಾಡ್ತೀರಿ, ಅದನ್ನ ಹೇಳಿ."